ಲ್ಯಾಂಗ್ಲಿಯ ಪುಟ್ಟ ಪೆಟ್ರೋಲ್ ವಿಮಾನ

ಮಕ್ಕಳೇ, ಮೊದಲು ವಿಮಾನ ಹಾರಿಸಿದವರು ಯಾರು ಎಂದು ಕೇಳಿದರೆ ನೀವೆಲ್ಲರೂ ಒಂದೇ ದನಿಯಲ್ಲಿ ರೈಟ್ ಸೋದರರು ಎನ್ನುತ್ತೀರಿ. ಉತ್ತರ ಸರಿಯೇ. 1903ರ ಡಿಸೆಂಬರ್ 17ರಂದು, ಎಂಜಿನ್ ಇದ್ದ ವಿಮಾನವೊಂದು ಮನುಷ್ಯನನ್ನು ಹೊತ್ತು, ಅವನ ಹಿಡಿತದಲ್ಲೇ ಇದ್ದು ಹಾರಿತು. ಆದರೆ ಅದಕ್ಕೂ ಎರಡೂವರೆ ವರ್ಷ ಮೊದಲೇ ಪೆಟ್ರೋಲ್ ಎಂಜಿನ್ನಿನ ಒಂದು ವಿಮಾನ ಗಾಳಿಯಲ್ಲಿ ಹಾರಿತ್ತು ಎಂಬುದು ನಿಮಗೆ ಗೊತ್ತೇ? ಅದರಲ್ಲಿ ಯಾರೂ ಕುಳಿತಿರಲಿಲ್ಲ. ಕೂರುವಂತೆಯೂ ಇರಲಿಲ್ಲ. ಅದೊಂದು ಮಾದರಿ ವಿಮಾನ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು ಮೂರೂಮುಕ್ಕಾಲು ಮೀಟರ್, ತೂಕ ಸುಮಾರು 26 ಕೆಜಿ. ನಿಮ್ಮಲ್ಲಿ ಕೆಲವರ ತೂಕವೂ ಅಷ್ಟೇ ಇರಬಹುದು.

ಈ ಪುಟ್ಟ ವಿಮಾನವನ್ನು ಮಾಡಿಸಿದವನು ಸ್ಯಾಮ್ಯುಯೆಲ್ ಪಿಯರ್‌ಪಾಂಟ್ ಲ್ಯಾಂಗ್ಲಿ. ಆತ ಹೆಸರಾಂತ ವಿಜ್ಞಾನಿ. ಹಣವಿತ್ತು, ಸರ್ಕಾರದ ಬೆಂಬಲವಿತ್ತು, ಆ ಕಾಲದ ಅತ್ಯುತ್ತಮ ಎಂಜಿನ್ ಕೂಡ ಆತನ ಬಳಿಯಿತ್ತು. ಅವನ ಮಾದರಿ ವಿಮಾನಗಳು ಚೆನ್ನಾಗಿ ಹಾರಿದವು. ಅದೇ ವಿಮಾನವನ್ನು ನಾಲ್ಕು ಪಟ್ಟು ದೊಡ್ಡದಾಗಿ ಕಟ್ಟಿ ಮನುಷ್ಯನನ್ನು ಕೂರಿಸಿದಾಗ ಮಾತ್ರ ಅದು ನೇರವಾಗಿ ನದಿಗೆ ಬಿತ್ತು. ಚಿಕ್ಕದು ಹಾರಿದರೆ ದೊಡ್ಡದು ಯಾಕೆ ಹಾರಲಿಲ್ಲ? ಬನ್ನಿ, ಲ್ಯಾಂಗ್ಲಿಯ ಕಥೆಯ ಜೊತೆಗೇ ಇದಕ್ಕೂ ಉತ್ತರ ಹುಡುಕೋಣ.

ಗಿಡುಗ ನೋಡುತ್ತಿದ್ದ ಹುಡುಗ

ಲ್ಯಾಂಗ್ಲಿ ಹುಟ್ಟಿದ್ದು 1834ರ ಆಗಸ್ಟ್ 22ರಂದು, ಅಮೆರಿಕದ ಬಾಸ್ಟನ್ ನಗರಕ್ಕೆ ಅಂಟಿಕೊಂಡಿದ್ದ ರಾಕ್ಸ್‌ಬರಿಯಲ್ಲಿ. ತಂದೆ ವ್ಯಾಪಾರಿ. ಚಿಕ್ಕ ಹುಡುಗನಾಗಿದ್ದಾಗ ಆತ ಹುಲ್ಲುಗಾವಲಿನಲ್ಲಿ ಅಂಗಾತ ಮಲಗಿ ಆಕಾಶದಲ್ಲಿ ಸುತ್ತುತ್ತಿದ್ದ ಗಿಡುಗವನ್ನು ನೋಡುತ್ತಿದ್ದನಂತೆ. ನೀವೂ ಹದ್ದು ಹಾರುವುದನ್ನು ನೋಡಿದ್ದೀರಲ್ಲ? ಕಾಗೆಯಂತೆ ಅದು ಪಟಪಟ ರೆಕ್ಕೆ ಬಡಿಯುವುದಿಲ್ಲ. ರೆಕ್ಕೆ ಚಾಚಿಕೊಂಡು ಸುಮ್ಮನೆ ತೇಲುತ್ತದೆ, ಆದರೂ ಕೆಳಗೆ ಬೀಳುವುದಿಲ್ಲ. ಗಾಳಿಗಿಂತ ಎಷ್ಟೋ ಭಾರವಾದ ಹಕ್ಕಿ ಹೀಗೆ ಮೇಲೆಯೇ ನಿಲ್ಲುವುದು ಹೇಗೆ? ಈ ಪ್ರಶ್ನೆ ಅವನ ತಲೆಯಲ್ಲಿ ನಲವತ್ತು ವರ್ಷ ಹಾಗೇ ಉಳಿದಿತ್ತು.

ಲ್ಯಾಂಗ್ಲಿ ಕಾಲೇಜಿಗೆ ಹೋಗಲಿಲ್ಲ. ಪ್ರೌಢಶಾಲೆ ಮುಗಿಸಿ ಕಟ್ಟಡಗಳ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ. ಕೈಬರಹ, ಚಿತ್ರ, ಅಳತೆ ಎಲ್ಲವೂ ಅಚ್ಚುಕಟ್ಟು. ಬಿಡುವಿನಲ್ಲಿ ಖಗೋಳದ ಪುಸ್ತಕಗಳನ್ನು ಓದುತ್ತಿದ್ದ. ತಮ್ಮ ಜಾನ್ ಜೊತೆ ಸೇರಿ ಗಾಜು ಉಜ್ಜಿ, ಹೊಳಪು ಕೊಟ್ಟು, ತಾನೇ ದೂರದರ್ಶಕ ಮಾಡಿಕೊಂಡ. ಈ ಸ್ವಂತ ಓದಿನ ಬಲದಿಂದಲೇ ವೀಕ್ಷಣಾಲಯವೊಂದರಲ್ಲಿ ಸಹಾಯಕನ ಕೆಲಸ ಸಿಕ್ಕಿತು. 1867ರಲ್ಲಿ ಪಿಟ್ಸ್‌ಬರ್ಗ್ ಬಳಿಯ ಅಲೆಘೆನಿ ವೀಕ್ಷಣಾಲಯದ ನಿರ್ದೇಶಕನೇ ಆದ.

ನಿರ್ದೇಶಕನೇನೋ ಆದ, ಆದರೆ ಅಲ್ಲಿ ಹಣವಿರಲಿಲ್ಲ. ಆಗ ಲ್ಯಾಂಗ್ಲಿ ಒಂದು ಉಪಾಯ ಹೂಡಿದ. ಆ ದಿನಗಳಲ್ಲಿ ಊರೂರಿಗೂ ಬೇರೆ ಬೇರೆ ಸಮಯ. ರೈಲು ಓಡಿಸುವವರಿಗೆ ಇದರಿಂದ ದೊಡ್ಡ ತಲೆನೋವು. ಎರಡು ನಿಲ್ದಾಣಗಳ ಗಡಿಯಾರ ಹೊಂದದಿದ್ದರೆ ಒಂದೇ ಹಳಿಯ ಮೇಲೆ ಎರಡು ರೈಲು ಎದುರಾಗುವ ಅಪಾಯವಿತ್ತು. ನಕ್ಷತ್ರಗಳು ದೂರದರ್ಶಕದ ನಡುಗೆರೆಯನ್ನು ದಾಟುವ ಕ್ಷಣವನ್ನು ನೋಡಿ ಖಗೋಳಜ್ಞರು ನಿಖರವಾದ ಸಮಯ ಕಂಡುಕೊಳ್ಳಬಲ್ಲರು. ಲ್ಯಾಂಗ್ಲಿ ಆ ಸಮಯವನ್ನು ತಂತಿಯ ಮೂಲಕ ರೈಲ್ವೆ ಕಂಪನಿಗೆ ಕಳಿಸಿ ಅದಕ್ಕೆ ಹಣ ಪಡೆದ. ನಕ್ಷತ್ರಗಳಿಂದ ಸಮಯ, ಸಮಯದಿಂದ ಹಣ, ಹಣದಿಂದ ಸಂಶೋಧನೆ! ಜಾಣತನ ಅಂದರೆ ಇದಲ್ಲವೇ?

ಆ ಹಣದಿಂದ ಲ್ಯಾಂಗ್ಲಿ ಸೂರ್ಯನ ಅಧ್ಯಯನ ನಡೆಸಿದ. ಅವನು ಕೈಯಲ್ಲಿ ಬರೆದ ಸೌರಕಲೆಗಳ ಚಿತ್ರಗಳು ಎಷ್ಟು ಸೊಗಸಾಗಿವೆಯೆಂದರೆ ಇಂದಿಗೂ ಅವನ್ನು ಪುಸ್ತಕಗಳಲ್ಲಿ ಅಚ್ಚು ಹಾಕುತ್ತಾರೆ. ನಕ್ಷೆ ಬರೆದ ಕೈ ಇಲ್ಲಿ ನೆರವಿಗೆ ಬಂತು. 1880ರ ಹೊತ್ತಿಗೆ ಆತ ಬೋಲೋಮೀಟರ್ ಎಂಬ ಉಪಕರಣವನ್ನು ರೂಪಿಸಿದ. ಕೂದಲೆಳೆಯಷ್ಟು ತೆಳುವಾದ ಲೋಹದ ಪಟ್ಟಿಯ ಮೇಲೆ ಶಾಖ ಬಿದ್ದಾಗ ಅದರಲ್ಲಿ ವಿದ್ಯುತ್ ಹರಿಯುವುದು ಸ್ವಲ್ಪ ಕಷ್ಟವಾಗುತ್ತದೆ. ಆ ಸ್ವಲ್ಪವನ್ನು ಅಳೆದರೆ ಶಾಖ ಎಷ್ಟೆಂದು ತಿಳಿಯುತ್ತದೆ. ಒಂದು ಡಿಗ್ರಿಯ ಲಕ್ಷದಲ್ಲೊಂದು ಭಾಗದ ವ್ಯತ್ಯಾಸವನ್ನೂ ಅದು ಗುರುತಿಸುತ್ತಿತ್ತು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಅಳೆಯಲು ಇದು ದಾರಿಯಾಯಿತು. ಚಂದ್ರನಿಂದ ಬರುವ ಶಾಖವನ್ನೂ ಲ್ಯಾಂಗ್ಲಿ ಅಳೆದ. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಭೂಮಿ ಎಷ್ಟು ಬಿಸಿಯಾಗುತ್ತದೆ ಎಂದು ಸ್ವೀಡನ್ನಿನ ಅರೇನಿಯಸ್ 1896ರಲ್ಲಿ ಮೊದಲು ಲೆಕ್ಕ ಹಾಕಿದ್ದು ಲ್ಯಾಂಗ್ಲಿಯ ಈ ಅಳತೆಗಳನ್ನು ಇಟ್ಟುಕೊಂಡೇ.

ತಿರುಗುವ ತೋಳು

1886ರಲ್ಲಿ ವಿಜ್ಞಾನಿಗಳ ಸಭೆಯೊಂದರಲ್ಲಿ ಹಕ್ಕಿಗಳ ಹಾರಾಟದ ಬಗ್ಗೆ ಚರ್ಚೆ ನಡೆಯಿತು. ಲ್ಯಾಂಗ್ಲಿಗೆ ಹಳೆಯ ಗಿಡುಗ ನೆನಪಾಗಿರಬೇಕು. ಆಗ ಅವನ ವಯಸ್ಸು ಐವತ್ತು ದಾಟಿತ್ತು. ಗಾಳಿಗಿಂತ ಭಾರವಾದ ಯಂತ್ರ ಹಾರಬಲ್ಲದೆಂದು ಹೇಳಿದರೆ ಆಗಿನ ದೊಡ್ಡ ದೊಡ್ಡ ವಿಜ್ಞಾನಿಗಳೇ ನಗುತ್ತಿದ್ದರು. ಹೆಸರು ಮಾಡಿದವನು ಅಂಥ ಕೆಲಸಕ್ಕೆ ಕೈ ಹಾಕುವುದು ಸುಲಭವಲ್ಲ.

ವಾದ ಮಾಡುವುದಕ್ಕಿಂತ ಅಳೆದು ನೋಡುವುದೇ ಲೇಸೆಂದು ಆತ ವೀಕ್ಷಣಾಲಯದ ಅಂಗಳದಲ್ಲಿ ಒಂದು ದೊಡ್ಡ ತಿರುಗುವ ತೋಳನ್ನು ಕಟ್ಟಿಸಿದ. ಅದು ಸುತ್ತುವ ವೃತ್ತದ ವ್ಯಾಸ ಸುಮಾರು 18 ಮೀಟರ್. ಉಗಿಯಂತ್ರ ಅದನ್ನು ಗಿರಗಿರನೆ ತಿರುಗಿಸುತ್ತಿತ್ತು. ತೋಳಿನ ತುದಿಗೆ ಹಿತ್ತಾಳೆಯ ತಗಡುಗಳನ್ನೂ, ಹುಲ್ಲು ತುಂಬಿದ ಸತ್ತ ಹಕ್ಕಿಗಳನ್ನೂ ಕಟ್ಟಿ ಗಾಳಿ ಅವನ್ನು ಎಷ್ಟು ಎತ್ತುತ್ತದೆ ಎಂದು ಅಳೆದ.

ನೀವೂ ಇದನ್ನು ಮಾಡಿ ನೋಡಬಹುದು. ಒಂದು ಗಟ್ಟಿ ರಟ್ಟನ್ನು ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿ, ಅದರ ಮುಂದಿನ ಅಂಚನ್ನು ತುಸು ಮೇಲೆತ್ತಿ ಹಿಡಿದು ಮೈದಾನದಲ್ಲಿ ಜೋರಾಗಿ ಓಡಿ. ರಟ್ಟು ಹಗುರವಾದಂತೆ, ಮೇಲಕ್ಕೆ ಎಳೆದಂತೆ ಅನಿಸುತ್ತದೆ. ಇನ್ನೂ ಜೋರಾಗಿ ಓಡಿದರೆ ಎಳೆತ ಇನ್ನೂ ಹೆಚ್ಚು. ವೇಗವಾಗಿ ಚಲಿಸುವ ಓರೆ ತಗಡನ್ನು ಗಾಳಿಯೇ ಹೊತ್ತುಕೊಳ್ಳುತ್ತದೆ ಎಂಬುದು ಲ್ಯಾಂಗ್ಲಿಗೆ ಅಂಕಿ ಅಂಶಗಳಿಂದ ಖಚಿತವಾಯಿತು. 1891ರಲ್ಲಿ ಈ ಫಲಿತಾಂಶಗಳನ್ನು ಪುಸ್ತಕವಾಗಿ ಪ್ರಕಟಿಸಿದ. ಆಗಿನ ಉಗಿಯಂತ್ರಗಳ ಶಕ್ತಿಯೇ ಹಾರಾಟಕ್ಕೆ ಸಾಕು ಎಂಬುದು ಅದರ ಸಾರ.

ಅಷ್ಟರಲ್ಲಿ, 1887ರಲ್ಲಿ, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಆತ ಕಾರ್ಯದರ್ಶಿಯಾಗಿದ್ದ. ಅಮೆರಿಕದ ವಿಜ್ಞಾನ ಲೋಕದಲ್ಲಿ ಅದಕ್ಕಿಂತ ದೊಡ್ಡ ಹುದ್ದೆಗಳು ಕಡಿಮೆ. ಅವನ ಕಾಲದಲ್ಲೇ ಅಲ್ಲಿನ ರಾಷ್ಟ್ರೀಯ ಮೃಗಾಲಯ ಶುರುವಾಯಿತು. ನಿಮಗೆ ಇಷ್ಟವಾಗುವ ಇನ್ನೊಂದು ಸಂಗತಿ ಇದೆ. 1901ರಲ್ಲಿ ಆತ ಸಂಗ್ರಹಾಲಯದಲ್ಲಿ ಮಕ್ಕಳಿಗೆಂದೇ ಒಂದು ಕೋಣೆ ತೆರೆಸಿದ. ಮಕ್ಕಳ ಕಣ್ಣಿಗೆ ಎಟುಕುವಂತೆ ತಗ್ಗಾದ ಗಾಜಿನ ಕಪಾಟುಗಳು, ಮಕ್ಕಳಿಗೆ ಅರ್ಥವಾಗುವ ಸುಲಭ ಮಾತಿನ ವಿವರಣೆಗಳು. ದೊಡ್ಡವರೊಂದಿಗೆ ಲ್ಯಾಂಗ್ಲಿ ಬಿಗುಮಾನದ, ಮಿತಭಾಷಿ ಮನುಷ್ಯ. ಮದುವೆಯಾಗಿರಲಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಹಾಗಿರಲಿಲ್ಲವೆಂದು ಕಾಣುತ್ತದೆ.

ರಬ್ಬರಿನಿಂದ ಉಗಿಗೆ

ಹಿತ್ತಾಳೆ ತಗಡು ತಿರುಗುವ ತೋಳಿನ ತುದಿಯಲ್ಲಿ ಹಾರಬಹುದು. ಬಿಟ್ಟರೆ ತಾನಾಗಿ ಹಾರೀತೇ? ಲ್ಯಾಂಗ್ಲಿ ಮಾದರಿ ವಿಮಾನಗಳನ್ನು ಮಾಡತೊಡಗಿದ. ಮೊದಲು ರಬ್ಬರ್ ಪಟ್ಟಿಯವು. ರಬ್ಬರನ್ನು ತಿರುಚಿ ಬಿಟ್ಟರೆ ಅದು ಬಿಚ್ಚಿಕೊಳ್ಳುತ್ತಾ ಪ್ರೊಪೆಲರನ್ನು ತಿರುಗಿಸುತ್ತದೆ. ಜಾತ್ರೆಯಲ್ಲಿ ಅಂಥ ಆಟಿಕೆ ನೀವು ನೋಡಿರಬಹುದು. ಆದರೆ ಅವು ಕೆಲವು ಸೆಕೆಂಡು ಮಾತ್ರ ಹಾರಿ ಬೀಳುತ್ತಿದ್ದವು. ಅಷ್ಟರಲ್ಲಿ ಏನು ಕಲಿಯಲು ಸಾಧ್ಯ?

ಆಗ ಉಗಿಯ ಸರದಿ. ನೀರು, ಬಾಯ್ಲರ್, ಬೆಂಕಿ, ಎಂಜಿನ್ ಎಲ್ಲವನ್ನೂ ಹೊತ್ತು ಹಾರಬೇಕು. ಮೊದಲ ಮಾದರಿಗಳು ಭಾರ ಹೆಚ್ಚಾಗಿ ಹಾರಲೇ ಇಲ್ಲ. ಭಾರ ಕಡಿಮೆ ಮಾಡಿದರೆ ರೆಕ್ಕೆ ಬಾಗುತ್ತಿತ್ತು. ರೆಕ್ಕೆ ಗಟ್ಟಿ ಮಾಡಿದರೆ ಮತ್ತೆ ಭಾರ! ಹೀಗೆ ವರ್ಷಗಳು ಕಳೆದವು. ತನ್ನ ಯಂತ್ರಗಳಿಗೆ ಆತ ಏರೋಡ್ರೋಮ್ ಎಂದು ಹೆಸರಿಟ್ಟಿದ್ದ. ಗಾಳಿಯಲ್ಲಿ ಓಡುವುದು ಎಂಬರ್ಥದಲ್ಲಿ ಗ್ರೀಕ್ ಭಾಷೆಯಿಂದ ಕಟ್ಟಿದ ಪದ ಅದು. ತಮಾಷೆಯೆಂದರೆ ಆಮೇಲೆ ಜನ ಆ ಪದವನ್ನು ವಿಮಾನ ಇಳಿಯುವ ಮೈದಾನಕ್ಕೆ ಬಳಸಿದರು!

1896ರ ಮೇ 6ರಂದು ಪೊಟೊಮ್ಯಾಕ್ ನದಿಯ ಮೇಲೆ ಒಂದು ದೋಣಿಮನೆ ನಿಂತಿತ್ತು. ಅದರ ಛಾವಣಿಯ ಮೇಲೆ ಕವಣೆಯಂಥ ಉಡಾವಣಾ ಸಾಧನ. ಭೂಮಿ ಬಿಟ್ಟು ನದಿಯನ್ನೇ ಏಕೆ ಆರಿಸಿದ? ನೀರಿಗೆ ಬಿದ್ದರೆ ಯಂತ್ರ ಪೂರ್ತಿ ಪುಡಿಯಾಗುವುದಿಲ್ಲ. ದೋಣಿಯನ್ನು ತಿರುಗಿಸಿ ಗಾಳಿಗೆ ಎದುರಾಗಿ ಹಾರಿಬಿಡಬಹುದು. ಅಂದು ಐದನೆಯ ಸಂಖ್ಯೆಯ ಏರೋಡ್ರೋಮನ್ನು ಹಾರಿಬಿಟ್ಟರು. ಒಂದರ ಹಿಂದೆ ಒಂದಾಗಿ ಎರಡು ಜೊತೆ ರೆಕ್ಕೆ, ನಡುವೆ ಎರಡು ಪ್ರೊಪೆಲರ್, ತೂಕ 15 ಕೆಜಿಗಿಂತ ಕಡಿಮೆ, ಸುಮಾರು 1 ಅಶ್ವಶಕ್ತಿಯ ಉಗಿಯಂತ್ರ. ಅದು ದೊಡ್ಡ ಸುತ್ತುಗಳನ್ನು ಹಾಕುತ್ತಾ ಮೇಲೇರಿ ಸುಮಾರು 1 ಕಿಲೋಮೀಟರ್ ಹಾರಿತು. ಉಗಿ ಮುಗಿದೊಡನೆ ಪ್ರೊಪೆಲರ್ ನಿಂತಿತು. ಯಂತ್ರ ಧಡಕ್ಕನೆ ಬೀಳಲಿಲ್ಲ, ಹದ್ದಿನಂತೆ ತೇಲುತ್ತಾ ಮೆಲ್ಲಗೆ ನೀರಿನ ಮೇಲೆ ಕುಳಿತಿತು. ಒದ್ದೆಯಾದುದನ್ನು ಎತ್ತಿ ಒರೆಸಿ ಅದೇ ದಿನ ಮತ್ತೊಮ್ಮೆ ಹಾರಿಸಿದರು. ಟೆಲಿಫೋನ್ ಕಂಡುಹಿಡಿದ ಅಲೆಗ್ಸಾಂಡರ್ ಗ್ರಹಾಂ ಬೆಲ್ ಅಂದು ಅಲ್ಲೇ ಇದ್ದು ಅದರ ಛಾಯಾಚಿತ್ರ ತೆಗೆದ. ಅದೇ ನವೆಂಬರಿನಲ್ಲಿ ಆರನೆಯ ಏರೋಡ್ರೋಮ್ ಇನ್ನೂ ದೂರ, ಸುಮಾರು ಒಂದೂವರೆ ಕಿಲೋಮೀಟರ್ ಹಾರಿತು.

ಇಲ್ಲಿಗೆ ನಿಲ್ಲಿಸಿದ್ದರೆ ಲ್ಯಾಂಗ್ಲಿಯ ಹೆಸರು ಯಾವ ಕಲೆಯೂ ಇಲ್ಲದೆ ಉಳಿಯುತ್ತಿತ್ತು. ನಿಲ್ಲಿಸಬೇಕೆಂದು ಆತನೂ ಒಮ್ಮೆ ಅಂದುಕೊಂಡಿದ್ದ. ಆದರೆ 1898ರಲ್ಲಿ ಅಮೆರಿಕಕ್ಕೂ ಸ್ಪೇನಿಗೂ ಯುದ್ಧ ಶುರುವಾಯಿತು. ಮನುಷ್ಯನನ್ನು ಹೊರುವ ಹಾರುವ ಯಂತ್ರ ಮಾಡಿಕೊಡಲು ಯುದ್ಧ ಇಲಾಖೆ 50,000 ಡಾಲರ್ ಕೊಟ್ಟಿತು. ಆ ಕಾಲಕ್ಕೆ ಅದು ಭಾರೀ ಮೊತ್ತ.

ಪೆಟ್ರೋಲ್ ಏಕೆ ಬೇಕಾಯಿತು?

ಉಗಿಯಂತ್ರಕ್ಕೆ ಒಂದು ದೊಡ್ಡ ದೋಷವಿದೆ. ಅದರಲ್ಲಿ ಬೆಂಕಿ ಉರಿಯುವುದು ಎಂಜಿನ್ನಿನ ಹೊರಗೆ. ಬೆಂಕಿ ನೀರನ್ನು ಕಾಯಿಸಬೇಕು, ನೀರು ಉಗಿಯಾಗಬೇಕು, ಉಗಿ ಪಿಸ್ಟನ್ನನ್ನು ತಳ್ಳಬೇಕು. ಲ್ಯಾಂಗ್ಲಿಯ ಮಾದರಿಗಳಲ್ಲಿ ಆ ಬೆಂಕಿಗೂ ಪೆಟ್ರೋಲನ್ನೇ ಬಳಸಿದ್ದ. ಪೆಟ್ರೋಲಿಗೆ ಅಮೆರಿಕದವರು ಗ್ಯಾಸೊಲಿನ್ ಎನ್ನುತ್ತಾರೆ. ಆದರೆ ನೀರು ಹೊರಲೇಬೇಕು, ಅದು ಒಂದೆರಡು ನಿಮಿಷದಲ್ಲಿ ಆವಿಯಾಗಿ ಮುಗಿದುಹೋಗುತ್ತಿತ್ತು. ಮನುಷ್ಯನನ್ನು ಹೊತ್ತು ದೂರ ಹೋಗಬೇಕಾದರೆ ಎಷ್ಟು ನೀರು ಹೊರಬೇಕು, ಯೋಚಿಸಿ!

ಪೆಟ್ರೋಲ್ ಎಂಜಿನ್ನಿನಲ್ಲಿ ಬೆಂಕಿ ಒಳಗೇ ಹುಟ್ಟುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಆವಿ ಗಾಳಿಯೊಂದಿಗೆ ಬೆರೆಯುತ್ತದೆ. ಆ ಮಿಶ್ರಣ ಸಿಲಿಂಡರಿಗೆ ನುಗ್ಗುತ್ತದೆ. ಪಿಸ್ಟನ್ ಮೇಲೆ ಬಂದು ಅದನ್ನು ಒತ್ತುತ್ತದೆ. ಬ್ಯಾಟರಿಯ ವಿದ್ಯುತ್ತು ಒಂದು ಸುರುಳಿಯ ಮೂಲಕ ಹಾಯ್ದು ಸ್ಪಾರ್ಕ್ ಪ್ಲಗ್ಗಿನಲ್ಲಿ ಪಟ್ಟನೆ ಕಿಡಿ ಹಾರಿಸುತ್ತದೆ. ಮಿಶ್ರಣ ಒಮ್ಮೆಗೇ ಉರಿದು, ಬಿಸಿ ಅನಿಲ ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ದಬ್ಬುತ್ತದೆ. ಬಾಯ್ಲರೂ ಬೇಡ, ಅದನ್ನು ತುಂಬುವ ನೀರೂ ಬೇಡ. ನಿಮ್ಮ ಊರಿನ ಬೈಕ್ ರಿಪೇರಿ ಅಂಗಡಿಯಲ್ಲಿ ಬಿಚ್ಚಿಟ್ಟ ಎಂಜಿನ್ ಕಂಡರೆ ನಿಂತು ನೋಡಿ. ಇವೆಲ್ಲ ಭಾಗಗಳೂ ಅಲ್ಲಿ ಸಿಗುತ್ತವೆ.

ಇಂದು ಹೇಳುವುದು ಸುಲಭ. 1898ರಲ್ಲಿ ಮೋಟಾರು ಗಾಡಿಗಳೇ ಅಪರೂಪ. ಇದ್ದ ಪೆಟ್ರೋಲ್ ಎಂಜಿನ್ನುಗಳು ಕಲ್ಲಿನಷ್ಟು ಭಾರ. ನ್ಯೂಯಾರ್ಕಿನ ಸ್ಟೀಫನ್ ಬಾಲ್ಜರ್ ಎಂಬಾತ 12 ಅಶ್ವಶಕ್ತಿಯ ಹಗುರ ಎಂಜಿನ್ ಮಾಡಿಕೊಡಲು ಒಪ್ಪಿಕೊಂಡ. ಜೊತೆಗೆ ಮಾದರಿ ವಿಮಾನಕ್ಕೆ ಒಂದು ಪುಟ್ಟ ಎಂಜಿನ್ನೂ ಬೇಕಿತ್ತು. ದೊಡ್ಡ ವಿಮಾನದ ಪ್ರತಿ ಉದ್ದಳತೆಯನ್ನೂ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿ ಮಾದರಿ ಮಾಡುವುದು, ಅದನ್ನು ಹಾರಿಸಿ ನೋಡಿ, ಸರಿಹೋದರೆ ದೊಡ್ಡದಕ್ಕೆ ಮನುಷ್ಯನನ್ನು ಕೂರಿಸುವುದು ಲ್ಯಾಂಗ್ಲಿಯ ಯೋಜನೆ. ಅವನ ಈ ಎಚ್ಚರಿಕೆಯನ್ನು ಮೆಚ್ಚಲೇಬೇಕು.

ಬಾಲ್ಜರನ ಎಂಜಿನ್ನಿನಲ್ಲಿ ಸಿಲಿಂಡರುಗಳೇ ಚಕ್ರದಂತೆ ಸುತ್ತುತ್ತಿದ್ದವು. ಸುತ್ತುವಾಗ ಗಾಳಿ ಬೀಸಿ ತಾವಾಗಿಯೇ ತಣ್ಣಗಾಗಲಿ ಎಂಬ ಉದ್ದೇಶ. ಆದರೆ ತಿಂಗಳುಗಳು ವರ್ಷಗಳಾದರೂ ಹೇಳಿದಷ್ಟು ಶಕ್ತಿ ಬರಲಿಲ್ಲ. ಆಗ ಲ್ಯಾಂಗ್ಲಿಯ ಕೈಕೆಳಗಿದ್ದ ಚಾರ್ಲ್ಸ್ ಮ್ಯಾನ್ಲಿ ಎಂಬ ತರುಣ ಎಂಜಿನಿಯರ್ ಮುಂದೆ ಬಂದ. ಇಬ್ಬರೂ 1900ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಎಂಜಿನ್ ತಯಾರಕರನ್ನು ವಿಚಾರಿಸಿದರು. ಅಷ್ಟು ಹಗುರವಾದ ಎಂಜಿನ್ ಆಗದ ಮಾತು ಎಂಬ ಉತ್ತರವೇ ಸಿಕ್ಕಿತು. ಮ್ಯಾನ್ಲಿ ಮರಳಿ ಬಂದು ಬಾಲ್ಜರನ ಎಂಜಿನ್ನನ್ನೇ ಬಿಚ್ಚಿದ. ಸಿಲಿಂಡರುಗಳು ಸುತ್ತುವುದನ್ನು ನಿಲ್ಲಿಸಿ ಅವನ್ನು ನಕ್ಷತ್ರದ ಐದು ಮೂಲೆಗಳಂತೆ ಸ್ಥಿರವಾಗಿ ಕೂರಿಸಿದ. ನಡುವಿನ ದಂಡ ಮಾತ್ರ ತಿರುಗುವಂತೆ ಮಾಡಿದ. ಶಕ್ತಿ ಏರತೊಡಗಿತು.

ಪುಟ್ಟ ಎಂಜಿನ್ನನ್ನೂ ಹಾಗೇ ತಿದ್ದಿ ಮಾದರಿ ವಿಮಾನಕ್ಕೆ ಕೂರಿಸಬೇಕಾಯಿತು. ಇದು ಆಟದ ಕೆಲಸವಲ್ಲ. ಎಂಜಿನ್ ಒಂದೇ ಅಲ್ಲ, ಪೆಟ್ರೋಲ್ ತೊಟ್ಟಿ, ಕಾರ್ಬುರೇಟರ್, ಬ್ಯಾಟರಿ, ಕಿಡಿಯ ಸುರುಳಿ ಎಲ್ಲಕ್ಕೂ ಜಾಗ ಬೇಕು. ಅಡಿಪಟ್ಟಿಯನ್ನು ಬೆರಳ ಮೇಲೆ ಸಮವಾಗಿ ನಿಲ್ಲಿಸಲು ನೀವು ಸರಿಯಾದ ಬಿಂದು ಹುಡುಕುತ್ತೀರಲ್ಲ, ವಿಮಾನಕ್ಕೂ ಅಂಥ ಬಿಂದು ಇದೆ. ಭಾರವೆಲ್ಲ ಅದರ ಸುತ್ತ ಹಂಚಿಕೊಂಡಿರಬೇಕು. ಮೂಗು ಭಾರವಾದರೆ ಮುಂದಕ್ಕೆ ಮುಗ್ಗರಿಸುತ್ತದೆ, ಬಾಲ ಭಾರವಾದರೆ ಹಿಂದಕ್ಕೆ ಜಾರುತ್ತದೆ. ಹಾರುತ್ತಾ ಪೆಟ್ರೋಲ್ ಖರ್ಚಾದರೂ ಸಮತೋಲ ಕೆಡಬಾರದು. ಇನ್ನು ಎಂಜಿನ್ನಿನ ಶಕ್ತಿಯನ್ನು ಎಡ ಬಲದ ಎರಡು ಪ್ರೊಪೆಲರುಗಳಿಗೆ ದಂಡ ಮತ್ತು ಹಲ್ಲುಗಾಲಿಗಳ ಮೂಲಕ ಸಾಗಿಸಬೇಕು. ಅವು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗಬೇಕು. ಇಲ್ಲವಾದರೆ ವಿಮಾನವೇ ಒಂದು ಕಡೆಗೆ ವಾಲುತ್ತದೆ. ಮೇಲೆ ಹೋದ ನಂತರ ಸರಿಪಡಿಸಲು ಅದರಲ್ಲಿ ಯಾರೂ ಇಲ್ಲ. ಆಗ ರೇಡಿಯೋ ನಿಯಂತ್ರಣವೂ ಇರಲಿಲ್ಲ. ಆದ್ದರಿಂದ ಗಾಳಿ ತಳ್ಳಿದರೂ ತಾನೇ ತಾನಾಗಿ ನೆಟ್ಟಗಾಗುವ ಗುಣ ಆ ವಿಮಾನಕ್ಕೆ ಹುಟ್ಟಿನಿಂದಲೇ ಇರಬೇಕಿತ್ತು.

1901ರ ಜೂನ್ 18ರಂದು ಅದು ಹಾರಿತು! ಗಾಳಿಗಿಂತ ಭಾರವಾದ ಯಂತ್ರವೊಂದು ಪೆಟ್ರೋಲ್ ಎಂಜಿನ್ನಿನಿಂದ ಹಾರಿದ್ದು ಇದೇ ಮೊದಲು ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಹಾರಿದ್ದು ಸ್ವಲ್ಪವೇ ದೂರ. ಪುಟ್ಟ ಎಂಜಿನ್ ಬೇಗ ಕಾದು ಶಕ್ತಿ ಕಳೆದುಕೊಳ್ಳುತ್ತಿತ್ತು. ಎಂಜಿನ್ನನ್ನು ಮತ್ತೆ ಸುಧಾರಿಸಿದರು. ಈಗ ಅದರ ಶಕ್ತಿ ಸುಮಾರು 3 ಅಶ್ವಶಕ್ತಿ, ಅಂದರೆ ಒಂದು ಹಳೆಯ ಮೊಪೆಡ್ಡಿನಷ್ಟು. 1903ರ ಆಗಸ್ಟ್ 8ರಂದು ದೋಣಿಮನೆಯ ಕವಣೆಯಿಂದ ಚಿಮ್ಮಿದ ವಿಮಾನ ನೆಟ್ಟಗೆ, ಸಮತೋಲ ತಪ್ಪದೆ ಸುಮಾರು 300 ಮೀಟರ್ ಹಾರಿತು. ನಾಲ್ಕು ತಿಂಗಳ ನಂತರ ರೈಟ್ ಸೋದರರು ಆ ಮೊದಲ ದಿನ ಹಾರಿದ ಅತಿ ಹೆಚ್ಚು ದೂರ 260 ಮೀಟರ್. ಮನುಷ್ಯನಿಲ್ಲದ ವಿಮಾನವನ್ನು ಅದರೊಂದಿಗೆ ಹೋಲಿಸುವುದು ನ್ಯಾಯವಲ್ಲ, ನಿಜ. ಆದರೂ ಪುಟ್ಟ ಯಂತ್ರದ ಸಾಧನೆ ಎಷ್ಟಿತ್ತೆಂದು ಇದರಿಂದ ತಿಳಿಯುತ್ತದೆ.

ದೊಡ್ಡದು ಬಿದ್ದಿತು

ದೊಡ್ಡ ಎಂಜಿನ್ನೂ ಸಿದ್ಧವಾಗಿತ್ತು. ಮ್ಯಾನ್ಲಿ ಅದರಿಂದ 52 ಅಶ್ವಶಕ್ತಿ ಹೊರಡಿಸಿದ್ದ! ತಣ್ಣಗಿಡುವ ನೀರೂ ಸೇರಿ ಅದರ ತೂಕ ಸುಮಾರು 94 ಕೆಜಿ ಮಾತ್ರ. ರೈಟ್ ಸೋದರರ ಎಂಜಿನ್ನಿನ ಶಕ್ತಿ 12 ಅಶ್ವಶಕ್ತಿ, ತೂಕ ಸುಮಾರು 80 ಕೆಜಿ. ಭಾಗಿಸಿ ನೋಡಿ. ಒಂದು ಅಶ್ವಶಕ್ತಿಗೆ ಮ್ಯಾನ್ಲಿಯ ಎಂಜಿನ್ನಿನಲ್ಲಿ ಎರಡು ಕೆಜಿಗೂ ಕಡಿಮೆ ತೂಕ, ರೈಟರ ಎಂಜಿನ್ನಿನಲ್ಲಿ ಆರು ಕೆಜಿಗೂ ಹೆಚ್ಚು. ಬರೀ ಎಂಜಿನ್ನಿನಿಂದ ಗೆಲ್ಲುವುದಾಗಿದ್ದರೆ ಲ್ಯಾಂಗ್ಲಿಯೇ ಗೆಲ್ಲಬೇಕಿತ್ತು.

1903ರ ಅಕ್ಟೋಬರ್ 7ರಂದು ಮ್ಯಾನ್ಲಿ ವಿಮಾನದಲ್ಲಿ ಕುಳಿತ. ಕವಣೆ ಚಿಮ್ಮಿತು. ದೊಡ್ಡ ಏರೋಡ್ರೋಮ್ ಛಾವಣಿಯ ಅಂಚು ದಾಟಿದ್ದೇ ತಡ, ಮೂಗು ಕೆಳಗಾಗಿ ನದಿಗೆ ಬಿತ್ತು. ಮ್ಯಾನ್ಲಿ ಈಜಿ ಮೇಲೆ ಬಂದ. ಕೆಲವೇ ದಿನಗಳಲ್ಲಿ ಪತ್ರಿಕೆಗಳ ಲೇವಡಿ ಶುರುವಾಯಿತು. ಹಾರುವ ಯಂತ್ರ ಮಾಡಲು ಇನ್ನೂ ಹತ್ತು ಲಕ್ಷದಿಂದ ಒಂದು ಕೋಟಿ ವರ್ಷ ಬೇಕಾದೀತು ಎಂದು ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಒಂದು ಕೋಟಿ ವರ್ಷವಲ್ಲ, ಹತ್ತೇ ವಾರ ಸಾಕಾಯಿತು ಎಂಬುದು ಬೇರೆ ಮಾತು!

ಡಿಸೆಂಬರ್ 8ರಂದು ಮತ್ತೊಂದು ಪ್ರಯತ್ನ, ಈ ಬಾರಿ ವಾಷಿಂಗ್ಟನ್ ನಗರದ ಪಕ್ಕದಲ್ಲೇ. ಚಳಿಗಾಲ. ನದಿಯಲ್ಲಿ ಮಂಜುಗಡ್ಡೆ ತೇಲುತ್ತಿತ್ತು. ಸಂಜೆಯಾಗುತ್ತಿತ್ತು. ಹಣ ಮುಗಿದಿತ್ತು, ಕಾಯುವಂತಿರಲಿಲ್ಲ. ಈ ಬಾರಿ ಕವಣೆ ಚಿಮ್ಮಿದೊಡನೆ ಹಿಂದಿನ ರೆಕ್ಕೆ ಮತ್ತು ಬಾಲದ ಭಾಗ ಮುರಿದು, ವಿಮಾನ ಹಿಮ್ಮಗುಚಿ ನೀರಿಗೆ ಬಿತ್ತು. ಮ್ಯಾನ್ಲಿಯ ಮೇಲಂಗಿ ಮುರಿದ ಭಾಗಗಳಿಗೆ ಸಿಕ್ಕಿಕೊಂಡಿತು. ಅದನ್ನು ಹರಿದುಕೊಂಡು ಆತ ಕೊರೆಯುವ ನೀರಿನಿಂದ ಹೇಗೋ ಜೀವ ಉಳಿಸಿಕೊಂಡ. ಒಂಬತ್ತು ದಿನ ಕಳೆಯುವಷ್ಟರಲ್ಲಿ, ದೂರದ ಕಿಟಿ ಹಾಕ್ ಎಂಬ ಮರಳ ದಂಡೆಯ ಮೇಲೆ ರೈಟ್ ಸೋದರರು ಹಾರಿದರು.

ಎಡವಿದ್ದು ಎಲ್ಲಿ? ಉಡಾವಣಾ ಸಾಧನಕ್ಕೆ ಯಂತ್ರ ಸಿಕ್ಕಿಕೊಂಡಿತು, ವಿಮಾನದಲ್ಲಿ ದೋಷವಿರಲಿಲ್ಲ ಎಂದೇ ಲ್ಯಾಂಗ್ಲಿ ಕೊನೆಯವರೆಗೂ ನಂಬಿದ್ದ. ಮುಂದೆ ಅಧ್ಯಯನ ಮಾಡಿದ ಅನೇಕ ಎಂಜಿನಿಯರುಗಳು ಒಪ್ಪುವುದಿಲ್ಲ. ರೆಕ್ಕೆಯ ಚೌಕಟ್ಟೇ ದುರ್ಬಲವಾಗಿತ್ತು, ಕವಣೆಯ ರಭಸಕ್ಕೂ ಗಾಳಿಯ ಒತ್ತಡಕ್ಕೂ ಅದು ತಿರುಚಿಕೊಂಡಿತು ಎನ್ನುತ್ತಾರೆ ಅವರು.

ಇದನ್ನು ತಿಳಿಯಲು ಒಂದು ಲೆಕ್ಕ ಮಾಡೋಣ. ಸಮಾನ ಅಳತೆಯ ಪುಟ್ಟ ಘನಗಳನ್ನು, ಜೇಡಿಮಣ್ಣಿನವಾದರೂ ಆದೀತು, ಸೇರಿಸಿಕೊಳ್ಳಿ. ಒಂದು ಘನದ ಒಂದು ಮುಖದ ವಿಸ್ತೀರ್ಣ 1 ಎಂದಿಟ್ಟುಕೊಳ್ಳಿ. ಈಗ ಉದ್ದ, ಅಗಲ, ಎತ್ತರ ಎಲ್ಲವೂ ನಾಲ್ಕು ಪಟ್ಟಾಗುವಂತೆ ದೊಡ್ಡ ಘನ ಕಟ್ಟಿ. ಅದರ ಒಂದು ಮುಖದಲ್ಲಿ ಎಷ್ಟು ಪುಟ್ಟ ಮುಖಗಳಿವೆ? 4×4, ಅಂದರೆ 16. ಒಟ್ಟು ಎಷ್ಟು ಪುಟ್ಟ ಘನಗಳು ಬೇಕಾದವು? 4×4×4, ಅಂದರೆ 64. ವಿಸ್ತೀರ್ಣ 16 ಪಟ್ಟಾದರೆ ತೂಕ 64 ಪಟ್ಟು!

ವಿಮಾನವನ್ನು ಗಾಳಿ ಎತ್ತುವುದು ರೆಕ್ಕೆಯ ವಿಸ್ತೀರ್ಣದಿಂದ. ಮಾದರಿ ವಿಮಾನದ 26 ಕೆಜಿಯನ್ನು 64ರಿಂದ ಗುಣಿಸಿದರೆ 1,664 ಕೆಜಿ. ಅಷ್ಟನ್ನು 16 ಪಟ್ಟು ರೆಕ್ಕೆ ಅದೇ ವೇಗದಲ್ಲಿ ಎತ್ತಲಾರದು. ಅದು ಎತ್ತಬಲ್ಲದ್ದು 26ರ 16 ಪಟ್ಟು, ಅಂದರೆ 416 ಕೆಜಿ. ಹಾಗಾಗಿ ದೊಡ್ಡ ವಿಮಾನವನ್ನು ಮುನ್ನೂರು ಕೆಜಿ ಚಿಲ್ಲರೆ ತೂಕಕ್ಕೇ ಹಿಡಿದಿಡಬೇಕಾಯಿತು. ಅದರ ರೆಕ್ಕೆಯಗಲವಾದರೋ 14 ಮೀಟರಿಗೂ ಹೆಚ್ಚು, ಒಂದು ಬಸ್ಸಿಗಿಂತ ಉದ್ದ. ಅಷ್ಟು ದೊಡ್ಡ ಮೈಗೆ ಅಷ್ಟು ಕಡಿಮೆ ತೂಕವೆಂದರೆ ಪ್ರತಿ ಕಡ್ಡಿ, ಪ್ರತಿ ತಂತಿ, ಪ್ರತಿ ಬಟ್ಟೆ ತೆಳುವಾಗಲೇಬೇಕು. ಮಾದರಿಯಲ್ಲಿ ಗಟ್ಟಿಯಾಗಿದ್ದ ಆಕಾರ ದೊಡ್ಡದರಲ್ಲಿ ಬಡಕಲಾಯಿತು. ಇರುವೆಯನ್ನು ಆನೆಯಷ್ಟು ದೊಡ್ಡದಾಗಿ ಊಹಿಸಿಕೊಂಡರೆ ಅದರ ತೆಳು ಕಾಲುಗಳಿಗೆ ಏನಾದೀತು? ಅದೇ ಇಲ್ಲಿಯೂ ಆದದ್ದು.

ಇನ್ನೊಂದು ಕಾರಣವೂ ಇದೆ, ನನಗೆ ಅದೇ ಮುಖ್ಯವೆನಿಸುತ್ತದೆ. ತಾನಾಗಿಯೇ ನೆಟ್ಟಗಿರುವ ವಿಮಾನ ಸಾಕೆಂದು ಲ್ಯಾಂಗ್ಲಿ ಭಾವಿಸಿದ್ದ. ಒಳಗೆ ಕುಳಿತವನು ಅದನ್ನು ಹೇಗೆ ವಾಲಿಸಬೇಕು, ತಿರುಗಿಸಬೇಕು ಎಂಬುದಕ್ಕೆ ಅವನು ಅಷ್ಟು ಗಮನ ಕೊಡಲಿಲ್ಲ. ಮ್ಯಾನ್ಲಿ ಅದಕ್ಕೆ ಮುಂಚೆ ಒಮ್ಮೆಯೂ ಹಾರಿದವನಲ್ಲ. ರೈಟ್ ಸೋದರರು ತಿರುಗುಮುರುಗಾಗಿ ಕೆಲಸ ಮಾಡಿದರು. ಎಂಜಿನ್ ಇಲ್ಲದ ಜಾರುವಿಮಾನಗಳಲ್ಲಿ ನೂರಾರು ಬಾರಿ ತಾವೇ ಹಾರಿ, ಸೈಕಲ್ ಕಲಿಯುವಂತೆ ಬಿದ್ದೆದ್ದು ಹಿಡಿತ ಕಲಿತರು. ಎಂಜಿನ್ ಜೋಡಿಸಿದ್ದು ಆಮೇಲೆ. ಹಾಗೆಂದು ಲ್ಯಾಂಗ್ಲಿಯ ಕೆಲಸ ಅವರಿಗೆ ಉಪಯೋಗವಾಗಲಿಲ್ಲ ಎನ್ನುವಂತಿಲ್ಲ. 1899ರಲ್ಲಿ ವಿಲ್ಬರ್ ರೈಟ್ ಹಾರಾಟದ ಬಗ್ಗೆ ಓದಲು ಏನಾದರೂ ಕಳಿಸಿ ಎಂದು ಪತ್ರ ಬರೆದದ್ದು ಲ್ಯಾಂಗ್ಲಿಯ ಸ್ಮಿತ್ಸೋನಿಯನ್ನಿಗೇ. ಅಲ್ಲಿಂದ ಅವನಿಗೆ ಪುಸ್ತಿಕೆಗಳೂ ಬಂದವು. ಅಷ್ಟು ದೊಡ್ಡ ವಿಜ್ಞಾನಿ ಹಾರುವ ಯಂತ್ರವನ್ನು ನಂಬಿದ್ದಾನೆ ಎಂಬುದೇ ಆ ಸೋದರರಿಗೆ ಧೈರ್ಯ ತಂದಿತ್ತು.

ಆಮೇಲೆ

ಸರ್ಕಾರ ಮತ್ತೆ ಹಣ ಕೊಡಲಿಲ್ಲ. ಲ್ಯಾಂಗ್ಲಿ ಏರೋಡ್ರೋಮಿನ ಕೆಲಸವನ್ನು ಅಲ್ಲಿಗೇ ಬಿಟ್ಟ. ಪತ್ರಿಕೆಗಳ ನಗು ಅವನನ್ನು ಒಳಗೊಳಗೇ ನೋಯಿಸಿತು. 1905ರಲ್ಲಿ ಸಂಸ್ಥೆಯ ಲೆಕ್ಕಿಗನೊಬ್ಬ ಹಣ ಕದ್ದಿದ್ದು ಬಯಲಾಯಿತು. ಲ್ಯಾಂಗ್ಲಿಯದು ಅದರಲ್ಲಿ ಏನೂ ಪಾತ್ರವಿರಲಿಲ್ಲ. ಆದರೂ ಮುಖ್ಯಸ್ಥನಾಗಿ ಹೊಣೆ ತನ್ನದೆಂದು ಆತ ಅಲ್ಲಿಂದಾಚೆ ಸಂಬಳ ತೆಗೆದುಕೊಳ್ಳಲು ಒಪ್ಪಲಿಲ್ಲ. ಅದೇ ವರ್ಷ ಪಾರ್ಶ್ವವಾಯು ಬಡಿಯಿತು. 1906ರ ಫೆಬ್ರವರಿ 27ರಂದು ದಕ್ಷಿಣ ಕೆರೊಲಿನಾದ ಏಕನ್ ಎಂಬ ಊರಿನಲ್ಲಿ ತೀರಿಕೊಂಡ.

ಅವನು ಹೋದ ಮೇಲೆ ಒಂದು ಜಗಳವೂ ನಡೆಯಿತು. 1914ರಲ್ಲಿ ಗ್ಲೆನ್ ಕರ್ಟಿಸ್ ಎಂಬಾತ ಹಳೆಯ ಏರೋಡ್ರೋಮನ್ನು ಹಲವು ಕಡೆ ಬದಲಾಯಿಸಿ ಗಟ್ಟಿಮಾಡಿ ಸ್ವಲ್ಪ ದೂರ ಹಾರಿಸಿದ. ಅದನ್ನೇ ಆಧರಿಸಿ ಸ್ಮಿತ್ಸೋನಿಯನ್ನಿನವರು, ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ವಿಮಾನ ಲ್ಯಾಂಗ್ಲಿಯದೇ ಎಂದು ಬರೆದುಬಿಟ್ಟರು. ಆರ್ವಿಲ್ ರೈಟ್‌ಗೆ ಕೋಪ ಬಂದು ತಮ್ಮ ವಿಮಾನವನ್ನು ಇಂಗ್ಲೆಂಡಿನ ಸಂಗ್ರಹಾಲಯಕ್ಕೆ ಕೊಟ್ಟ. 1942ರಲ್ಲಿ ಸಂಸ್ಥೆ ತನ್ನ ಮಾತನ್ನು ಹಿಂತೆಗೆದುಕೊಂಡಿತು. 1948ರಲ್ಲಿ ರೈಟರ ವಿಮಾನ ಅಮೆರಿಕಕ್ಕೆ ಮರಳಿ ಅದೇ ಸ್ಮಿತ್ಸೋನಿಯನ್ನಿಗೆ ಬಂತು. ನದಿಗೆ ಬಿದ್ದ ದೊಡ್ಡ ಏರೋಡ್ರೋಮನ್ನೂ ಆ ಸಂಸ್ಥೆಯೇ ದುರಸ್ತಿ ಮಾಡಿ ಕಾಪಾಡಿಕೊಂಡು ಬಂದಿದೆ.

1922ರಲ್ಲಿ ಅಮೆರಿಕದ ನೌಕಾಪಡೆ ಕಲ್ಲಿದ್ದಲು ಸಾಗಿಸುತ್ತಿದ್ದ ಒಂದು ಹಡಗಿನ ಮೇಲೆ ಅಗಲವಾದ ಅಟ್ಟಣೆ ಕಟ್ಟಿ ತನ್ನ ಮೊದಲ ವಿಮಾನವಾಹಕ ಹಡಗನ್ನು ಮಾಡಿಕೊಂಡಿತು. ಅದಕ್ಕೆ ಇಟ್ಟ ಹೆಸರು ಲ್ಯಾಂಗ್ಲಿ. ಆ ವರ್ಷದ ನವೆಂಬರ್ 18ರಂದು ಅದರ ಅಟ್ಟಣೆಯಿಂದ ಒಂದು ವಿಮಾನವನ್ನು ಕವಣೆಯಿಂದ ಚಿಮ್ಮಿಸಿದರು. ಈ ಬಾರಿ ವಿಮಾನ ನೀರಿಗೆ ಬೀಳಲಿಲ್ಲ.